ಹಾರ್ಮೋನಿಯಂ ಮೇಷ್ಟ್ರ ಸಂಸಾರ

(ಬ್ರಹ್ಮಗಿರಿಯ ತಪ್ಪಲಿನ ಊರೊಂದರಲ್ಲಿ ರಂಗಾಸಕ್ತರ ಮುಂದೆ ಮಾಡಿದ ಭಾಷಣದ ಬರಹರೂಪ)



ನಾಟಕದ ಹಾರ್ಮೋನಿಯಂ ಮೇಷ್ಟ್ರ ಬಗ್ಗೆ ಮಾತನಾಡಬೇಕೆಂದು ನೀವು ಕೇಳಿದಿರಿ. ಮಾತನಾಡಲು ಕೊಟ್ಟ ಜಾಗ ಬ್ರಹ್ಮಗಿರಿಯ ತಪ್ಪಲು. ಇಲ್ಲಿಗೆ ಬಂದು ಯಾವ ವಿಷಯ ಮಾತನಾಡಿದರೂ ಮೊದಲು ಇಲ್ಲಿನ ಬಂಡೆಗೆ ನಮಸ್ಕಾರ ಹೇಳುವುದು ವಾಡಿಕೆ. ನಾನೂ ಅದನ್ನೇ ಮಾಡುತ್ತೇನೆ. ನನ್ನ ವಿಷಯಕ್ಕೂ ಆ ಬಂಡೆಗೂ ಸಂಬಂಧವಿದೆ ಎಂಬುದು ಇನ್ನೊಂದು ಕಾರಣ.

ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ, ಮೊಳಕಾಲ್ಮುರು ತಾಲ್ಲೂಕಿನ ಈ ಮೂರು ಜಾಗಗಳಲ್ಲಿ ಅಶೋಕನ ಶಾಸನಗಳಿವೆ ಎಂಬುದನ್ನು ಬಿ.ಎಲ್. ರೈಸ್ 1892ರಲ್ಲಿ ಲೋಕಕ್ಕೆ ತಿಳಿಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿದರು. ಶಾಸನದಲ್ಲಿ ಬರುವ ಇಸಿಲ ಎಂಬ ಊರು ಇದೇ ಎಂದು ವಿದ್ವಾಂಸರ ಅಭಿಪ್ರಾಯ. ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳೇ. ಆದರೆ ಈ ಶಾಸನವನ್ನು ಒಂದು ಕಾಗದದಂತೆ ಓದಿ ನೋಡಿ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಹೇಳಿಕಳಿಸಿದ ಮಾತು ಅದು. ಮೊದಲು ಆರೋಗ್ಯ ವಿಚಾರಣೆ. ಆಮೇಲೆ ವಿಷಯ. ನಮ್ಮ ಹಿರಿಯರು ಕಾರ್ಡಿನ ತಲೆಯಲ್ಲಿ ‘ಕ್ಷೇಮ’ ಎಂದು ಬರೆದು ಆಮೇಲೆ ಸಾಲದ ಸುದ್ದಿಗೆ ಬರುತ್ತಿದ್ದರಲ್ಲ, ಹಾಗೆ.

ಆ ವಿಷಯದ ನಡುವೆ 256 ಎಂಬ ಒಂದು ಅಂಕಿ ಬರುತ್ತದೆ. ಹಿಂದೆ ಕೆಲವರು ಇದನ್ನು ಬುದ್ಧನ ನಿರ್ವಾಣದಿಂದ ಎಣಿಸಿದ ವರ್ಷ ಎಂದು ತಿಳಿದಿದ್ದರು. ಈಗ ಬಹುಮಟ್ಟಿಗೆ ಒಪ್ಪಿರುವ ಅರ್ಥವೆಂದರೆ, ದೊರೆ ಪ್ರವಾಸದಲ್ಲಿ ಕಳೆದ 256 ರಾತ್ರಿಗಳು. ಅಂದರೆ ಮನೆ ಬಿಟ್ಟು ಎಂಟೂವರೆ ತಿಂಗಳಾದ ಮನುಷ್ಯನೊಬ್ಬನ ಹೆಸರಿನಲ್ಲಿ ಬಂದ ಮಾತು ಇದು. ಮುಂದೆ ಆತ ಏನು ಹೇಳುತ್ತಾನೆ? ತಂದೆತಾಯಿಯ ಸೇವೆ ಮಾಡಬೇಕು, ಪ್ರಾಣಿಗಳ ವಿಷಯದಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು. ಅಲೆಯುತ್ತಿರುವವನು ಮನೆಯ ಧರ್ಮವನ್ನು ಹೇಳುತ್ತಿದ್ದಾನೆ. ಅದನ್ನು ಬಂಡೆಗೆ ಬರೆದ ಲಿಪಿಕಾರನ ಹೆಸರು ಚಪಡ. ಬರಹವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಯಲ್ಲಿ ತನ್ನ ಕಸುಬನ್ನು ಹೇಳುವ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಕೆತ್ತಿದ. ಖರೋಷ್ಠಿ ದೂರದ ವಾಯವ್ಯ ಭಾರತದ ಲಿಪಿ. ಕಸುಬಿಗಾಗಿ ಊರೂರು ತಿರುಗಿದ ಕುಶಲಕರ್ಮಿಯ ಕೈಗುರುತು ಈ ಬೆಟ್ಟದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಇದೆ ಎಂದಾಯಿತು.

ಕಲೆಗಾಗಿ ತಿರುಗುವವನು ಮನೆಯ ಧರ್ಮವನ್ನು ಹೇಗೆ ನಡೆಸಬೇಕು ಎಂಬುದೇ ನನ್ನ ಇವತ್ತಿನ ಪ್ರಶ್ನೆ. ಇದನ್ನು ಕೇಳಲು ಹಾರ್ಮೋನಿಯಂ ಮೇಷ್ಟ್ರಿಗಿಂತ ತಕ್ಕ ಮನುಷ್ಯ ಸಿಗಲಾರ.

ಪೆಟ್ಟಿಗೆ ಬಂದ ದಾರಿ

ಹಾರ್ಮೋನಿಯಂ ನಮ್ಮ ನೆಲದ ವಾದ್ಯವಲ್ಲ. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆ ಎಂಬಾತ ಆ ಹೆಸರಿನ ವಾದ್ಯಕ್ಕೆ ಹಕ್ಕು ಪಡೆದ. ಮೇಜಿನಷ್ಟು ದೊಡ್ಡದಾದ, ಕಾಲಿನಿಂದ ತಿದಿ ಒತ್ತುವ ವಾದ್ಯ ಅದು. ಪಾದ್ರಿಗಳ ಜೊತೆ, ಅಧಿಕಾರಿಗಳ ಜೊತೆ ಅದು ಇಂಡಿಯಾಕ್ಕೆ ಬಂತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಹಾಕಿ ಇನ್ನೊಂದು ಕೈಯಲ್ಲಿ ನುಡಿಸುವ ಕೈಪೆಟ್ಟಿಗೆಯನ್ನು ರೂಪಿಸಿದರು. ಭಜನೆಗೆ, ಕೀರ್ತನೆಗೆ, ಮನೆಪಾಠಕ್ಕೆ ಕೈಪೆಟ್ಟಿಗೆ ಹೊಂದಿತು. ನಾಟಕದವರು ಮಾತ್ರ ಕಾಲುಪೆಟ್ಟಿಗೆಯನ್ನೇ ಹಿಡಿದರು.

ಕಾರಣ ಸರಳವಾಗಿದೆ. ಧ್ವನಿವರ್ಧಕವಿಲ್ಲದ ಕಾಲ. ತಗಡಿನ ಥಿಯೇಟರಿನಲ್ಲಿ ಹಿಂದಿನ ಸಾಲಿನ ನೆಲದವರಿಗೂ ಶ್ರುತಿ ಕೇಳಬೇಕು. ಕಾಲು ತಿದಿ ಒತ್ತಿದರೆ ಎರಡು ಕೈಯೂ ಬಿಡುವಾಗುತ್ತವೆ. ಒಂದು ಕೈ ಹಾಡನ್ನು ಹಿಡಿದರೆ ಇನ್ನೊಂದು ಕೈ ಕೆಳಗಿನ ಸ್ವರಗಳಿಂದ ಅದಕ್ಕೆ ಬಲ ಕೊಡುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಮರಾಠಿ ಸಂಗೀತ ನಾಟಕಕ್ಕೆ ನಾಂದಿ ಹಾಡಿದರು. ಮುಂದೆ ಅವರ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸಿ ಹೆಸರಾದವರು ಗೋವಿಂದರಾವ್ ಟೆಂಬೆ. 1911ರ ‘ಮಾನಾಪಮಾನ’ ನಾಟಕಕ್ಕೆ ಸಂಗೀತ ಕೂಡಿಸಿದವರೂ ಅವರೇ. ಆ ಗಾಳಿ ನಮ್ಮ ಧಾರವಾಡ, ಗದಗಿನ ಕಂಪನಿಗಳಿಗೆ ತಾಗಿತು. ಇತ್ತ ದಕ್ಷಿಣದಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಬೆಳೆದು ದೊಡ್ಡದಾಯಿತು.

ಕಂಪನಿಯಲ್ಲಿ ಹಾರ್ಮೋನಿಯಂ ಮೇಷ್ಟ್ರ ಕೆಲಸ ಬರೀ ನುಡಿಸುವುದಲ್ಲ. ಹಗಲು ಹುಡುಗರಿಗೆ ಹಾಡು ತಾಲೀಮು. ಯಾರ ಗಂಟಲು ಕರಿ ಎರಡಕ್ಕೆ ಕೂರುತ್ತದೆ, ಯಾರದು ಬಿಳಿ ನಾಲ್ಕಕ್ಕೆ ಏರುತ್ತದೆ ಎಂಬ ಲೆಕ್ಕ ಅವರ ತಲೆಯಲ್ಲಿರಬೇಕು. ರಾತ್ರಿ ಪರದೆ ಏಳುವುದಕ್ಕೆ ಮೊದಲೇ ಅವರು ತಮ್ಮ ಜಾಗದಲ್ಲಿರಬೇಕು. ಪಾತ್ರಧಾರಿ ಮಾತು ಮರೆತು ತಡವರಿಸಿದರೆ ನಡುವಿನ ಮೌನವನ್ನು ತುಂಬುವುದು ಪೆಟ್ಟಿಗೆ. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಹಾಡನ್ನು ಮತ್ತೆ ಎತ್ತಿಕೊಡುವುದು ಪೆಟ್ಟಿಗೆ. ಸೀನು ಬದಲಾಯಿಸಲು ತಡವಾದರೆ ಜನರನ್ನು ಹಿಡಿದಿಡುವುದೂ ಅದೇ. ನಾಟಕ ಮುಗಿಯುವಾಗ ಬೆಳಗಿನ ಜಾವ. ಎಲ್ಲರಿಗಿಂತ ಮೊದಲು ಕೂತು ಎಲ್ಲರಿಗಿಂತ ಕೊನೆಗೆ ಏಳುವವನು, ಪ್ರೇಕ್ಷಕರಿಗೆ ಬೆನ್ನೋ ಪಕ್ಕವೋ ಮಾತ್ರ ಕಾಣಿಸುವವನು ಈ ಮನುಷ್ಯ.

ಒಂದೂರಿನಲ್ಲಿ ತಿಂಗಳೋ ಎರಡು ತಿಂಗಳೋ ಮೊಕ್ಕಾಂ. ಕಲೆಕ್ಷನ್ ಇಳಿಯುತ್ತಿದ್ದಂತೆ ಥಿಯೇಟರು ಬಿಚ್ಚಿ ಮುಂದಿನ ಊರು. ಹೀಗೆ ವರ್ಷ ತುಂಬುತ್ತದೆ. ಲೆಕ್ಕ ಹಾಕಿದರೆ 256 ರಾತ್ರಿ ಏನೂ ಹೆಚ್ಚಲ್ಲ.

ಕಡಲಾಚೆಯ ಜೊತೆಗಾರರು

ಇದೇ ಪಾಡಿನ ಇನ್ನೊಂದು ಕುಲ ಅಮೆರಿಕೆಯಲ್ಲಿತ್ತು. ಅಲ್ಲಿನ ಕರಿಯ ಜನ ಹತ್ತಿಯ ಹೊಲಗಳಲ್ಲಿ, ಮರ ಕಡಿಯುವ ಶಿಬಿರಗಳಲ್ಲಿ ದುಡಿಯುತ್ತ ಕಟ್ಟಿದ ಹಾಡಿಗೆ ಬ್ಲೂಸ್ ಎಂದು ಹೆಸರು. ದುಃಖವನ್ನು ಮುಚ್ಚಿಡದೆ, ಆದರೆ ಅದಕ್ಕೆ ಬಾಗದೆ ಹಾಡುವ ಹಾಡು ಅದು. ಸಾಮಾನ್ಯವಾಗಿ ಹನ್ನೆರಡು ಘಟಕಗಳ ಒಂದು ಚಕ್ರ. ಆ ಚಕ್ರ ಮತ್ತೆ ಮತ್ತೆ ಸುತ್ತುತ್ತದೆ. ಈ ಶಿಬಿರಗಳ ಹೆಂಡದಂಗಡಿಗಳಲ್ಲಿ ಒಂದು ಹಳೆಯ ಪಿಯಾನೊ ಇರುತ್ತಿತ್ತು. ಊರಿಂದ ಊರಿಗೆ ರೈಲು ಹತ್ತಿ ತಿರುಗುವ ಪಿಯಾನೊ ವಾದಕ ಎಡಗೈಯಲ್ಲಿ ತಾಳ, ಬಲಗೈಯಲ್ಲಿ ರಾಗ ಹಿಡಿದು ರಾತ್ರಿಯಿಡೀ ಜನರನ್ನು ಕುಣಿಸುತ್ತಿದ್ದ.

ಅವನಿಗೂ ನಮ್ಮ ಮೇಷ್ಟ್ರಿಗೂ ಒಂದೇ ತಾಂತ್ರಿಕ ಕಷ್ಟ. ಎರಡು ಮನೆಗಳ ನಡುವಿನ ಸ್ವರ ಅವರ ವಾದ್ಯದಲ್ಲಿಲ್ಲ. ಬ್ಲೂಸಿನ ಜೀವ ಇರುವುದೇ ಹಾಗೆ ಸ್ವಲ್ಪ ಇಳಿದ, ಸ್ವಲ್ಪ ಬಾಗಿದ ಸ್ವರದಲ್ಲಿ. ನಮ್ಮ ಸಂಗೀತದ ಜೀವ ಇರುವುದು ಗಮಕದಲ್ಲಿ, ಮೀಂಡಿನಲ್ಲಿ. ಗಾಯಕ ಜಾರಬಲ್ಲ, ಪಿಟೀಲು ಜಾರಬಲ್ಲದು, ಮರದ ಮನೆ ಜಾರದು. ಪಿಯಾನೊದವನು ಅಕ್ಕಪಕ್ಕದ ಎರಡು ಮನೆಗಳನ್ನು ಒಟ್ಟಿಗೆ ಅರೆದಂತೆ ಒತ್ತಿ ಆ ನಡುವಿನ ಸ್ವರದ ಭ್ರಮೆ ಹುಟ್ಟಿಸುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಪಕ್ಕದ ಸ್ವರವನ್ನು ಮಿಂಚಿನಂತೆ ಮುಟ್ಟಿ ಬಂದು, ತಿದಿಯ ಗಾಳಿಯನ್ನು ಏರಿಸಿ ಇಳಿಸಿ ಅದೇ ಭ್ರಮೆ ಹುಟ್ಟಿಸುತ್ತಾರೆ. ಇಲ್ಲದ್ದನ್ನು ಇದೆಯೆನ್ನಿಸುವುದು ಇಬ್ಬರ ಕಸುಬೂ ಹೌದು. ಸಂಸಾರದಲ್ಲಿಯೂ ಅವರು ಮಾಡಬೇಕಾಗಿ ಬಂದದ್ದು ಬಹುಪಾಲು ಅದನ್ನೇ.

ಅಂಥ ಮೂವರ ಬದುಕನ್ನು ನೋಡಿದರೆ ನಮ್ಮ ವಿಷಯ ಸ್ಪಷ್ಟವಾಗುತ್ತದೆ. ಆಟಿಸ್ ಸ್ಪ್ಯಾನ್ ಎಂಬಾತ ಶಿಕಾಗೋದ ಮಡ್ಡಿ ವಾಟರ್ಸನ ತಂಡದಲ್ಲಿ ಒಂದೂವರೆ ದಶಕ ಪಿಯಾನೊ ನುಡಿಸಿದ. ಬ್ಲೂಸ್ ಪಿಯಾನೊದ ಮಾತು ಬಂದಾಗ ಮೊದಲು ನೆನಪಾಗುವ ಹೆಸರುಗಳಲ್ಲಿ ಅವನದೊಂದು. 1970ರಲ್ಲಿ, ಇನ್ನೂ ನಡುವಯಸ್ಸಿನಲ್ಲಿ, ಅವನು ತೀರಿಕೊಂಡ. ಅವನ ಸಮಾಧಿಗೆ ಹೆಸರಿನ ಕಲ್ಲು ಬಂದದ್ದು 1999ರಲ್ಲಿ. ಅದೇ ತಂಡಕ್ಕೆ ಅವನ ಜಾಗದಲ್ಲಿ ಬಂದ ಪೈನ್‌ಟಾಪ್ ಪರ್ಕಿನ್ಸ್ ತೊಂಬತ್ತೇಳನೆಯ ವಯಸ್ಸಿನವರೆಗೂ ನುಡಿಸಿ, 2011ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದು, ಅದೇ ವರ್ಷ ಕಣ್ಮುಚ್ಚಿದ. ಒಂದೇ ಕುರ್ಚಿ, ಎರಡು ಬಗೆಯ ಕೊನೆ.

ಮೂರನೆಯವನು ಜಿಮ್ಮಿ ಯಾನ್ಸಿ. ಹುಡುಗನಾಗಿದ್ದಾಗ ಹಾಡುತ್ತ ಕುಣಿಯುತ್ತ ಊರೂರು, ದೇಶದೇಶ ತಿರುಗಿದ್ದ. ಆಮೇಲೆ ಶಿಕಾಗೋದಲ್ಲಿ ನೆಲೆನಿಂತು ವೈಟ್ ಸಾಕ್ಸ್ ಎಂಬ ಬೇಸ್‌ಬಾಲ್ ತಂಡದ ಮೈದಾನದಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಸುಮಾರು ಕಾಲು ಶತಮಾನ ಆ ಕೆಲಸ ಮಾಡಿದ. ಸಂಜೆ ಮನೆಯಲ್ಲೂ ನೆರೆಹೊರೆಯ ಕೂಟಗಳಲ್ಲೂ ಪಿಯಾನೊ. ಹೆಂಡತಿ ಎಸ್ಟೆಲ್ ಹಾಡುವಳು. ಅವನ ನುಡಿಸಾಣಿಕೆಯನ್ನು ಕೇಳಿ ಕಲಿತವರು ಪ್ರಸಿದ್ಧರಾದರು; ಅವನ ಮೊದಲ ಮುದ್ರಿಕೆ ಬಂದದ್ದು 1939ರಲ್ಲಿ. 1948ರಲ್ಲಿ ಗಂಡಹೆಂಡತಿ ಇಬ್ಬರೂ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಕಛೇರಿ ನೀಡಿದರು. ಯಾನ್ಸಿಯದು ಒಂದು ವಿಚಿತ್ರ ರೂಢಿ. ಯಾವ ಶ್ರುತಿಯಲ್ಲಿ ಆರಂಭಿಸಿದರೂ ಕೊನೆಯಲ್ಲಿ ತನಗೆ ಪ್ರಿಯವಾದ ಒಂದೇ ಶ್ರುತಿಗೆ ಬಂದು ಮುಗಿಸುತ್ತಿದ್ದ. ಎಲ್ಲಿ ಹೋದರೂ ರಾತ್ರಿ ಮನೆಗೆ ಬಂದು ಮಲಗುವವನ ರೂಢಿ ಅದು ಎಂದು ನಾನು ತಿಳಿಯುತ್ತೇನೆ.

ಮೂರು ದಾರಿ

ನಮ್ಮ ಮೇಷ್ಟ್ರುಗಳಿಗೂ ಇದ್ದದ್ದು ಮೂರು ದಾರಿಗಳೇ. ಸಂಸಾರವನ್ನು ಊರಲ್ಲಿ ಬಿಟ್ಟು ಕಂಪನಿಯ ಹಿಂದೆ ಹೋಗುವುದು ಒಂದು. ಸಂಸಾರವನ್ನೇ ಕಂಪನಿಗೆ ಕರೆತರುವುದು ಎರಡನೆಯದು. ಕಂಪನಿ ಬಿಟ್ಟು ಊರಲ್ಲೇ ನಿಂತು ನುಡಿಸುವುದು ಮೂರನೆಯದು.

ಎರಡನೆಯ ದಾರಿಯ ಕಥೆಗಳೇ ನಮಗೆ ಹೆಚ್ಚು ಗೊತ್ತು, ಏಕೆಂದರೆ ಆ ಮನೆತನಗಳು ಉಳಿದು ಹೆಸರಾದವು. ಗುಬ್ಬಿ ವೀರಣ್ಣನವರ ಕಂಪನಿಯೇ ಒಂದು ದೊಡ್ಡ ಕುಟುಂಬವಾಗಿತ್ತು. ಪತ್ನಿ ಬಿ. ಜಯಮ್ಮ ರಂಗದ ಮೇಲೆ ನಾಯಕಿ. ಮೊಮ್ಮಗಳು ಬಿ. ಜಯಶ್ರೀ ಇವತ್ತಿಗೂ ರಂಗದ ದೊಡ್ಡ ದನಿ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಅದೇ ಕಂಪನಿಯ ನಟ. ತಂದೆಯ ಜೊತೆ ಕಂಪನಿಗೆ ಬಂದ ಹುಡುಗ, ಶಾಲೆ ಬೇಗ ಬಿಟ್ಟ ಹುಡುಗ, ಮುಂದೆ ರಾಜ್‌ಕುಮಾರ್ ಆದರು. ನಮ್ಮ ಪಕ್ಕದ ದಾವಣಗೆರೆಯಲ್ಲಿ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ. ಮಗಳು ಚಿಂದೋಡಿ ಲೀಲಾ ಅದರ ಕಣ್ಮಣಿ. ದಾವಣಗೆರೆ 1997ರವರೆಗೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತಾದ್ದರಿಂದ ಅವರನ್ನು ನಮ್ಮವರೆನ್ನಲು ನನಗೆ ಸಂಕೋಚವಿಲ್ಲ. ನಾಟಕಕಾರ ಪಿ.ಬಿ. ಧುತ್ತರಗಿ ಮತ್ತು ನಟಿ ಸರೋಜಮ್ಮ ದಂಪತಿಯ ಬದುಕೂ ಕಂಪನಿಗಳಲ್ಲೇ ಬೆಳೆಯಿತು.

ಇದೇ ದಾರಿಯ ಇನ್ನೊಂದು ರೂಪ ಗದಗಿನದು. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯರಾದ, ಅವರಂತೆಯೇ ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಇಬ್ಬರೂ ಸಂಸಾರ ಕಟ್ಟಿಕೊಳ್ಳಲಿಲ್ಲ. ಆದರೆ ಸಾಕಬೇಕಾದ ಮಕ್ಕಳು ನೂರಾರು. ವೀರೇಶ್ವರ ಪುಣ್ಯಾಶ್ರಮದ ಅಂಧ, ಅನಾಥ ಮಕ್ಕಳ ಅನ್ನಕ್ಕಾಗಿ ಅವರು ನಾಟಕ ಕಂಪನಿ ನಡೆಸಿದರು. 1914ರಿಂದ 2010ರವರೆಗೆ ಬದುಕಿದ್ದ ಪುಟ್ಟರಾಜರು ಹಾರ್ಮೋನಿಯಂ ಸೇರಿದಂತೆ ಹಲವು ವಾದ್ಯಗಳಲ್ಲಿ ನುರಿತವರು. ಕಂಪನಿಗಾಗಿ ಸಂಸಾರ ಬಿಟ್ಟವರು ಬಹಳ. ಸಂಸಾರಕ್ಕಾಗಿ ಕಂಪನಿ ಕಟ್ಟಿದ ಸಂನ್ಯಾಸಿಗಳು ಇವರು.

ಆದರೆ ಒಂದು ಮಾತು ಮರೆಯಬಾರದು. ಕಂಪನಿಯ ಮಾಲೀಕರಿಗೆ ಸಂಸಾರವನ್ನು ಜೊತೆಗಿಟ್ಟುಕೊಳ್ಳುವುದು ಸಾಧ್ಯವಿತ್ತು. ಹೆಂಡತಿ ನಟಿಯಾಗಿದ್ದರೆ ನಟನಿಗೂ ಸಾಧ್ಯವಿತ್ತು. ಸಂಬಳಕ್ಕೆ ಬಂದ ಹಾರ್ಮೋನಿಯಂ ಮೇಷ್ಟ್ರಿಗೆ? ಹೆಂಡತಿ ಹಾಡುವವಳಲ್ಲ, ಮಕ್ಕಳಿಗೆ ಶಾಲೆ ಬೇಕು, ಊರಲ್ಲಿ ವಯಸ್ಸಾದ ತಾಯಿ ಇದ್ದಾಳೆ. ತಿಂಗಳಿಗೊಂದು ಊರು ಬದಲಾಗುವ ಕಡೆ ಮಗುವನ್ನು ಯಾವ ಶಾಲೆಗೆ ಸೇರಿಸುವುದು? ಹೀಗಾಗಿ ಬಹುಪಾಲು ಮೇಷ್ಟ್ರುಗಳು ಮೊದಲನೆಯ ದಾರಿ ಹಿಡಿದರು. ಅವರ ಸಂಸಾರದ ಕೊಂಡಿ ಮನಿಯಾರ್ಡರು. ಫಾರಮಿನ ಕೆಳಗೆ ಎರಡು ಸಾಲು ಬರೆಯಲು ಜಾಗವಿರುತ್ತಿತ್ತಲ್ಲ, ಗಂಡ ಹೆಂಡತಿಯರ ಮಾತುಕತೆ ಅಷ್ಟರಲ್ಲೇ ಮುಗಿಯಬೇಕು. ಮಳೆಗಾಲದಲ್ಲಿ ಕಲೆಕ್ಷನ್ ಇಲ್ಲದೆ ಸಂಬಳ ನಿಂತರೆ ಆ ಎರಡು ಸಾಲೂ ಇಲ್ಲ.

ರೇಡಿಯೋ ಮುಚ್ಚಿದ ಬಾಗಿಲು

ಬೇರೆ ವಾದ್ಯದವರಿಗೆ ಈ ಸಂಕಟದಿಂದ ಹೊರಬರಲು ಒಂದು ಬಾಗಿಲು ತೆರೆಯಿತು. ಅದು ರೇಡಿಯೋ. ಮೈಸೂರಿನಲ್ಲಿ 1935ರಲ್ಲಿ ಗೋಪಾಲಸ್ವಾಮಿಯವರು ಆರಂಭಿಸಿದ ಆಕಾಶವಾಣಿ, 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು. ಪಿಟೀಲು, ವೀಣೆ, ಕೊಳಲು, ಮೃದಂಗ, ತಬಲಾದವರಿಗೆ ಅಲ್ಲಿ ನಿಲಯದ ಕಲಾವಿದರೆಂದು ಕೆಲಸ ಸಿಗುವ ಆಸೆಯಿತ್ತು. ತಿಂಗಳ ಕೊನೆಗೆ ಸಂಬಳ, ಸಂಜೆ ಮನೆ, ಮಕ್ಕಳಿಗೆ ಒಂದೇ ಶಾಲೆ.

ಹಾರ್ಮೋನಿಯಂಗೆ ಆ ಬಾಗಿಲು ಮುಚ್ಚಿತ್ತು. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ ಅನ್ನು ನಿಷೇಧಿಸಿತು. ದೆಹಲಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರ ಅದರ ವಿರುದ್ಧ 1938ರಲ್ಲೇ ಬರೆದಿದ್ದ. ರವೀಂದ್ರನಾಥ ಠಾಕೂರರಿಗೂ ಈ ಪೆಟ್ಟಿಗೆ ಹಿಡಿಸುತ್ತಿರಲಿಲ್ಲ. ಶ್ರುತಿಯ ಸೂಕ್ಷ್ಮ ಇದರಲ್ಲಿಲ್ಲ, ಗಮಕಕ್ಕೆ ಇದು ಒಗ್ಗದು, ಪರದೇಶದ್ದು ಎಂಬುದು ಆಕ್ಷೇಪ. ನಿಷೇಧ ಸಡಿಲವಾದದ್ದು ಸುಮಾರು ಮೂವತ್ತು ವರ್ಷದ ಮೇಲೆ, 1971ರ ಹೊತ್ತಿಗೆ, ಅದೂ ಹಂತಹಂತವಾಗಿ.

ಶಾಸ್ತ್ರದ ದೃಷ್ಟಿಯಿಂದ ಆ ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಸ್ವರದ ಬಗ್ಗೆ ನಡೆದ ಆ ಚರ್ಚೆಯಲ್ಲಿ ಅನ್ನದ ಮಾತು ಕೇಳಿಬಂದದ್ದು ಕಡಿಮೆ. ನಮ್ಮ ನಾಡಿನ ಅತ್ಯಂತ ಜನಪ್ರಿಯ ವಾದ್ಯವನ್ನು ನುಡಿಸುವವನಿಗೆ ಮೂರು ದಶಕಗಳ ಕಾಲ ಸರ್ಕಾರದ ಅತಿ ದೊಡ್ಡ ಸಂಗೀತ ಸಂಸ್ಥೆಯಲ್ಲಿ ಆ ವಾದ್ಯದ ಮೇಲೆ ಕೆಲಸ ಇರಲಿಲ್ಲ. ಅದೇ ಹೊತ್ತಿಗೆ ಇನ್ನೊಂದು ಪೆಟ್ಟು ಬಿದ್ದಿತ್ತು. 1934ರಲ್ಲಿ ‘ಸತಿ ಸುಲೋಚನ’ ಬಂದ ಮೇಲೆ ಕನ್ನಡ ಮಾತಾಡುವ ಚಿತ್ರಗಳು ಒಂದೊಂದಾಗಿ ಕಂಪನಿಗಳ ಜನವನ್ನು ಸೆಳೆದವು. ಕೆಲವು ವಾದ್ಯಗಾರರು ಮದರಾಸಿನ ಸ್ಟುಡಿಯೋ ಸೇರಿದರು. ಉಳಿದವರು ಪೆಟ್ಟಿಗೆ ಹೊತ್ತು ಊರಿಗೆ ಮರಳಿದರು. ಮೂರನೆಯ ದಾರಿ ಅಗಲವಾದದ್ದು ಹೀಗೆ, ಆಯ್ಕೆಯಿಂದಲ್ಲ, ಅನಿವಾರ್ಯದಿಂದ.

ಶೇಂಗಾ ಕಿತ್ತ ಮೇಲೆ

ಈ ಮೂರನೆಯ ದಾರಿಯನ್ನು ನಿಮ್ಮ ಸೀಮೆಯವರಿಗೆ ನಾನು ವಿವರಿಸಬೇಕಿಲ್ಲ. ಚಳ್ಳಕೆರೆ, ಮೊಳಕಾಲ್ಮುರು, ಆಚೆಯ ಬಳ್ಳಾರಿ, ರಾಯದುರ್ಗದ ಕಡೆ ಮಳೆ ಕಡಿಮೆ. ಮುಂಗಾರಿಗೆ ಶೇಂಗಾ ಬಿತ್ತಿ ದೀಪಾವಳಿಯ ಆಸುಪಾಸಿಗೆ ಕಿತ್ತರೆ ಒಣಭೂಮಿಯವನಿಗೆ ಬಿಡುವು. ಅಲ್ಲಿಂದ ಮುಂದಿನ ಮಳೆಯವರೆಗೆ ಜಾತ್ರೆ, ಉತ್ಸವ, ಬಯಲಾಟ, ನಾಟಕ. ಫಾಲ್ಗುಣದಲ್ಲಿ ನಾಯಕನಹಟ್ಟಿಯ ತೇರು. ಹಳ್ಳಿಯ ಯುವಕರು ಸೇರಿ ‘ಕುರುಕ್ಷೇತ್ರ’ವನ್ನೋ, ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯನ್ನೋ, ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಅನ್ನೋ ಕಲಿಯುತ್ತಾರೆ. ಕಲಿಸಲು ಮೇಷ್ಟ್ರು ಬೇಕು.

ಕಂಪನಿಯಿಂದ ಮರಳಿದ ಹಾರ್ಮೋನಿಯಂ ಮೇಷ್ಟ್ರು ಇಲ್ಲಿ ನಿರ್ದೇಶಕರೂ ಹೌದು, ಸಂಗೀತಗಾರರೂ ಹೌದು, ಜಗಳ ಬಿಡಿಸುವ ಹಿರಿಯರೂ ಹೌದು. ಎರಡು ಮೂರು ತಿಂಗಳ ತಾಲೀಮು. ರಾತ್ರಿ ಊಟವಾದ ಮೇಲೆ ಗುಡಿಯಲ್ಲೋ ಶಾಲೆಯಲ್ಲೋ ಪೆಟ್ಟಿಗೆ ತೆರೆಯುತ್ತದೆ. ಹಗಲು ಎತ್ತು ಹೊಡೆದ ಗಂಟಲಿನಿಂದ ಕಂದ ಪದ್ಯ ಹೊರಡಿಸಬೇಕು. ಓದು ಬಾರದ ಭೀಮನಿಗೆ ಮಾತನ್ನು ಬಾಯಿಪಾಠ ಮಾಡಿಸಬೇಕು. ಊಟ ಪಾತ್ರಧಾರಿಗಳ ಮನೆಯಲ್ಲಿ ಸರದಿಯ ಮೇಲೆ. ಖರ್ಚಿಗೆ ಪಾತ್ರಧಾರಿಗಳೇ ವಂತಿಗೆ ಹಾಕುವುದು ಅನೇಕ ಊರುಗಳ ಪದ್ಧತಿ. ದುರ್ಯೋಧನನ ಪಾರ್ಟಿಗೆ ಹೆಚ್ಚು, ದೂತನ ಪಾರ್ಟಿಗೆ ಕಡಿಮೆ. ಸೀನರಿ ಬಾಡಿಗೆಗೆ, ಸ್ತ್ರೀಪಾತ್ರದವರು ಬಳ್ಳಾರಿ, ದಾವಣಗೆರೆಯಂಥ ಊರುಗಳಿಂದ.

ಇದರ ದೊಡ್ಡ ಗುಣವೆಂದರೆ ಈ ಕಸುಬಿನ ಪಂಚಾಂಗ ಹೊಲದ ಪಂಚಾಂಗಕ್ಕೆ ಹೊಂದಿಕೊಂಡದ್ದು. ಮಳೆಗಾಲದಲ್ಲಿ ಮೇಷ್ಟ್ರು ತಮ್ಮ ಹೊಲದಲ್ಲೋ ಮಗ್ಗದಲ್ಲೋ ಇರುತ್ತಾರೆ. ಬೇಸಿಗೆಯಲ್ಲಿ ಪೆಟ್ಟಿಗೆ. ಹೋದರೂ ಹತ್ತು ಹದಿನೈದು ಮೈಲಿ. ವಾರಕ್ಕೊಮ್ಮೆ ಮನೆಗೆ ಬಂದು ಹೋಗಬಹುದು. ಶಿಕಾಗೋದ ಯಾನ್ಸಿ ಹುಲ್ಲು ಕತ್ತರಿಸುತ್ತ ಪಿಯಾನೊ ಉಳಿಸಿಕೊಂಡ ಹಾಗೆ ಇಲ್ಲಿನ ಮೇಷ್ಟ್ರು ಶೇಂಗಾ ಬಿತ್ತುತ್ತ ಹಾರ್ಮೋನಿಯಂ ಉಳಿಸಿಕೊಂಡರು. ವ್ಯತ್ಯಾಸ ಒಂದೇ. ಯಾನ್ಸಿಗೆ ಒಂದು ದಿನ ಮುದ್ರಿಕೆಯವರು ಬಂದರು, ಕಾರ್ನೆಗಿ ಹಾಲು ಬಂತು. ನಮ್ಮ ಮೇಷ್ಟ್ರುಗಳಲ್ಲಿ ಬಹುಪಾಲು ಮಂದಿಯ ಒಂದು ಸ್ವರವೂ ದಾಖಲಾಗಿಲ್ಲ. ಆರ್. ಪರಮಶಿವನ್ ಅವರಂಥ ಕೆಲವರು ಕಂಪನಿಯ ನೂರಾರು ಹಾಡುಗಳನ್ನು ಗಂಟಲಲ್ಲಿ ಉಳಿಸಿಕೊಂಡು ಹೊಸಬರಿಗೆ ಕಲಿಸಿದ್ದರಿಂದ ಒಂದು ಪಾಲು ಉಳಿಯಿತು. ಉಳಿದದ್ದು ಆಯಾ ಊರಿನ ಗಾಳಿಯಲ್ಲಿ ಹೋಯಿತು.

ಶಾಸನದಲ್ಲಿ ಹೆಸರಿಲ್ಲದವಳು

ಇಷ್ಟು ಹೊತ್ತು ನಾನು ಮೇಷ್ಟ್ರ ಕಡೆಯಿಂದಲೇ ಮಾತಾಡಿದೆ. ಈ ಬೆಟ್ಟದ ಶಾಸನ ತಂದೆ, ತಾಯಿ, ಗುರು, ಬಂಧುಗಳನ್ನು ಎಣಿಸುತ್ತದೆ. ಹೆಂಡತಿ ಮಕ್ಕಳನ್ನು ಬೇರೆಯಾಗಿ ಹೆಸರಿಸುವುದಿಲ್ಲ. ರಂಗಭೂಮಿಯ ಚರಿತ್ರೆಯೂ ಹೆಚ್ಚುಕಡಿಮೆ ಹಾಗೆಯೇ ಬರೆದದ್ದು. ಕಂಪನಿಯ ಮಾಲೀಕರ ಹೆಸರಿದೆ, ನಾಯಕ ನಾಯಕಿಯರ ಹೆಸರಿದೆ, ಕೆಲವೊಮ್ಮೆ ಹಾರ್ಮೋನಿಯಂ ಮೇಷ್ಟ್ರ ಹೆಸರೂ ಇದೆ. ಅವರು ಊರೂರು ತಿರುಗುವಾಗ ಅವರ ತಾಯಿಗೆ ಮದ್ದು ಅರೆದವಳ ಹೆಸರಿಲ್ಲ.

ಯೋಚಿಸಿ ನೋಡಿ. ಶಾಸನ ಹೇಳಿದ ಮನೆಯ ಧರ್ಮ ನಿಂತು ಹೋಗಲಿಲ್ಲ. ತಾಯಿಯ ಸೇವೆ ನಡೆಯಿತು, ಮಕ್ಕಳು ಬೆಳೆದರು, ಬಂಧುಗಳ ಮದುವೆ ಮುಂಜಿಗಳಿಗೆ ಮನೆಯಿಂದ ಒಬ್ಬರು ಹೋಗಿ ಬಂದರು. ಮಾಡಿದವರು ಬೇರೆ ಅಷ್ಟೆ. ಮೊಳಕಾಲ್ಮುರಿನಂಥ ನೇಕಾರರ ಊರಿನಲ್ಲಿ ರೇಷ್ಮೆ ಸೀರೆಯ ಮೇಲೆ ಗಂಡಸಿನ ಕಸುಬಿನ ಹೆಸರು ಕಾಣುತ್ತದೆ. ಅದರ ಹಿಂದೆ ಕಂಡಿಕೆ ಸುತ್ತಿದ ಹೆಂಗಸಿನ ಕೈ ಕಾಣುವುದಿಲ್ಲ. ನಾಟಕದ ಹಾಡಿನದೂ ಅದೇ ಕಥೆ. ಮಧ್ಯರಾತ್ರಿ ‘ಒನ್ಸ್ ಮೋರ್’ ಕೂಗಿಗೆ ಮತ್ತೆ ಎದ್ದ ಪ್ರತಿ ಹಾಡಿನ ಹಿಂದೆ, ನೂರು ಮೈಲಿ ಆಚೆ ದೀಪ ಆರಿಸಿ ಮಕ್ಕಳನ್ನು ಮಲಗಿಸಿದ ಒಬ್ಬಳ ದುಡಿಮೆ ಇತ್ತು. ಅದಕ್ಕೆ ಯಾವ ಕಂಪನಿಯೂ ಸಂಬಳ ಕೊಡಲಿಲ್ಲ.

ಆದ್ದರಿಂದ ‘ಕಲಾವಿದ ಕಲೆ ಮತ್ತು ಸಂಸಾರವನ್ನು ಚೆನ್ನಾಗಿ ತೂಗಿಸಿದ’ ಎಂಬ ಹೊಗಳಿಕೆಯ ಮಾತು ಕೇಳಿದಾಗ, ತಕ್ಕಡಿಯ ಇನ್ನೊಂದು ತಟ್ಟೆಯನ್ನು ಹಿಡಿದು ನಿಂತವರು ಯಾರು ಎಂದು ಕೇಳುವುದು ನ್ಯಾಯ. ತೂಗಿಸುವುದು ಒಬ್ಬನ ಗುಣದಿಂದ ಆಗುವ ಕೆಲಸವಲ್ಲ. ಸ್ಪ್ಯಾನ್ ಕೆಟ್ಟವನಲ್ಲ, ಯಾನ್ಸಿ ಮಹಾತ್ಮನಲ್ಲ. ಯಾನ್ಸಿಗೆ ಮೈದಾನದ ಕೆಲಸವಿತ್ತು, ಸಂಜೆ ಮನೆಯಿತ್ತು, ಜೊತೆಗೆ ಹಾಡುವ ಹೆಂಡತಿಯಿದ್ದಳು. ಗುಬ್ಬಿ ಕಂಪನಿಯವರಿಗೆ ಕಂಪನಿಯೇ ಮನೆಯಾಗಿತ್ತು. ಇಲ್ಲಿನ ಮೇಷ್ಟ್ರಿಗೆ ಹೊಲದ ಬಿಡುವಿತ್ತು. ಏರ್ಪಾಡು ಸರಿಯಿದ್ದ ಕಡೆ ಕಲೆಯೂ ಸಂಸಾರವೂ ಉಳಿದವು. ಏರ್ಪಾಡು ಇಲ್ಲದ ಕಡೆ ಎರಡರಲ್ಲಿ ಒಂದು ಮುರಿಯಿತು, ಕೆಲವೊಮ್ಮೆ ಎರಡೂ.

ಈಗಿನ ಪೆಟ್ಟಿಗೆ

ಈಗ ಕಾಲುಪೆಟ್ಟಿಗೆ ಅಪರೂಪ. ಜಾತ್ರೆಯ ರಸಮಂಜರಿಯಲ್ಲಿ, ಮದುವೆಯ ಆರ್ಕೆಸ್ಟ್ರಾದಲ್ಲಿ, ಹಳ್ಳಿಯ ನಾಟಕದಲ್ಲಿಯೂ ಎಲೆಕ್ಟ್ರಾನಿಕ್ ಕೀಬೋರ್ಡು ಬಂದಿದೆ. ಯಾವ ಕಂಪನಿಯದಾದರೂ ಬಹಳ ಕಡೆ ಜನ ಅದನ್ನು ‘ಕ್ಯಾಸಿಯೊ’ ಎಂದೇ ಕರೆಯುತ್ತಾರೆ. ತಿದಿ ಒತ್ತಬೇಕಿಲ್ಲ, ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕೊಳಲು. ಸ್ವರವನ್ನು ಬಾಗಿಸುವ ಚಕ್ರವೂ ಅದರಲ್ಲಿದೆ. ದೆಬೆಯ ಕಾಲದಿಂದ ಕಾಡಿದ ಆ ಹಳೆಯ ಕಷ್ಟ ಯಂತ್ರದಲ್ಲಿ ಒಂದು ಮಟ್ಟಿಗೆ ತೀರಿದೆ.

ಸಂಸಾರದ ಕಷ್ಟ ತೀರಿಲ್ಲ. ಕೀಬೋರ್ಡು ನುಡಿಸುವ ಹುಡುಗ ಗಣೇಶನ ಹಬ್ಬದಿಂದ ಯುಗಾದಿಯವರೆಗೆ ರಾತ್ರಿಗಳನ್ನು ಟೆಂಪೋದಲ್ಲಿ ಕಳೆಯುತ್ತಾನೆ. ಮನಿಯಾರ್ಡರಿನ ಎರಡು ಸಾಲಿನ ಬದಲು ಮೊಬೈಲಿದೆ, ಮಗುವಿನ ಮುಖವನ್ನು ಅದರಲ್ಲೇ ನೋಡುತ್ತಾನೆ. ಕೊರೋನಾದ 2020 ಮತ್ತು 2021ರಲ್ಲಿ ಜಾತ್ರೆಗಳು ನಿಂತಾಗ ಈ ಕಸುಬಿನವರ ಸ್ಥಿತಿ ಏನಾಯಿತೆಂದು ನೀವು ಕಣ್ಣಾರೆ ಕಂಡಿದ್ದೀರಿ. ಮಳೆಗಾಲದ ಕಂಪನಿಯ ಕಥೆಯೇ ಮತ್ತೆ ನಡೆಯಿತು, ಈ ಬಾರಿ ಎರಡು ವರ್ಷ ಉದ್ದಕ್ಕೆ.

ಸರ್ಕಾರ ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಅದು ಒಳ್ಳೆಯದು. ಆದರೆ ಅದು ಮುಪ್ಪಿನ ಮಾತು. ಸಂಸಾರ ಮುರಿಯುವುದು ಮೂವತ್ತು, ನಲವತ್ತರ ವಯಸ್ಸಿನಲ್ಲಿ. ಆ ವಯಸ್ಸಿನವನಿಗೆ ಊರು ಮಾಡಬಹುದಾದದ್ದು ಬಹಳವಿದೆ, ಅದಕ್ಕೆ ಯಾವ ಅಕಾಡೆಮಿಯೂ ಬೇಕಿಲ್ಲ. ತಾಲೀಮು ಶುರುವಾಗುವ ದಿನವೇ ಮೇಷ್ಟ್ರ ಸಂಬಳದ ಒಂದು ಪಾಲು ಅವರ ಮನೆಗೆ ಮುಟ್ಟಲಿ. ನಾಟಕದ ರಾತ್ರಿ ಕಲೆಕ್ಷನ್ ಆಗಲಿಲ್ಲವೆಂದು ಅದನ್ನು ಮುರಿಯದಿರಿ. ವಾರಕ್ಕೊಂದು ರಾತ್ರಿ ತಾಲೀಮಿಗೆ ಬಿಡುವು ಕೊಟ್ಟು ಅವರನ್ನು ಮನೆಗೆ ಕಳಿಸಿ. ನಾಟಕದ ರಾತ್ರಿ ಮೇಷ್ಟ್ರಿಗೆ ಶಾಲು ಹೊದಿಸುವಾಗ ಅವರ ಮನೆಯವರನ್ನೂ ಕರೆಸಿ, ಮುಂದಿನ ಸಾಲಿನಲ್ಲಿ ಕೂರಿಸಿ. ಊರ ಶಾಲೆಯಲ್ಲಿ ಸಂಗೀತ ಹೇಳಿಕೊಡಲು ವಾರಕ್ಕೆರಡು ಗಂಟೆ ಅವರಿಗೆ ಕೊಡಿಸಲು ಸಾಧ್ಯವಾದರೆ ನಿಮ್ಮ ಊರಿನ ಮಕ್ಕಳಿಗೂ ಲಾಭ. ಮೇಷ್ಟ್ರ ಬಾಯಲ್ಲಿರುವ ಹಾಡುಗಳನ್ನು ಕೈಯಲ್ಲಿರುವ ಮೊಬೈಲಿನಲ್ಲೇ ದಾಖಲಿಸಿ, ಯಾವ ನಾಟಕದ್ದು, ಯಾವ ಶ್ರುತಿ, ಯಾರಿಂದ ಕಲಿತದ್ದು ಎಂದು ಬರೆದಿಡಿ. ಲಿಪಿಕಾರ ಚಪಡ ಎರಡು ಸಾವಿರ ವರ್ಷದ ಹಿಂದೆ ತನ್ನ ಹೆಸರನ್ನು ಬಂಡೆಯ ಮೇಲೆ ಉಳಿಸಿಕೊಂಡ. ನಿಮ್ಮೂರಿನ ಮೇಷ್ಟ್ರ ಹೆಸರು ಕರಪತ್ರದ ಮೂಲೆಯಲ್ಲಿ ಮುಗಿಯಬಾರದು.

ನಿಮ್ಮ ನೆರೆಯ ನಾಯಕನಹಟ್ಟಿಯ ತಿಪ್ಪೇಸ್ವಾಮಿಯ ಹೆಸರಿನಲ್ಲಿ ಈ ಸೀಮೆಯ ಎಲ್ಲರ ಬಾಯಲ್ಲಿರುವ ಮಾತೊಂದಿದೆ: ‘ಮಾಡಿದಷ್ಟು ನೀಡು ಭಿಕ್ಷೆ’. ದುಡಿದದ್ದಕ್ಕೆ ತಕ್ಕಷ್ಟು ಸಲ್ಲಲಿ ಎಂಬುದು ಅದರ ತಿರುಳು. ಹಾರ್ಮೋನಿಯಂ ಮೇಷ್ಟ್ರು ಕೇಳುವುದು ಇದಕ್ಕಿಂತ ಹೆಚ್ಚಲ್ಲ. ಅವರ ಮನೆಯಾಕೆ ಇಷ್ಟನ್ನೂ ಈವರೆಗೆ ಕೇಳಿಲ್ಲ.